ಮೊಲದ ಬೆನ್ನಿನ ಮೇಲೆ ಪ್ರಾಣಶಕ್ತಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. 1974ರ ಬೇಸಿಗೆಯಲ್ಲಿ ಅದು ನೆತ್ತಿಗೇರಿತು, ಅಣ್ಣನ ಮಗಳು ನಿರ್ಮಲಳ ದೆಸೆಯಿಂದ.

ಅಣ್ಣನಿಗೆ ಕೊಚ್ಚಿಯ ಬ್ಯಾಂಕಿನಲ್ಲಿ ಕೆಲಸ. ಹೈಸ್ಕೂಲಿನಲ್ಲಿದ್ದ ನಿರ್ಮಲಳ ತಲೆಯಲ್ಲಿ ಅಲ್ಲಲ್ಲಿ ಕೂದಲು ಉದುರಿ ಬೋಳಾಗಿತ್ತು. ಡಾಕ್ಟರ ಮುಲಾಮಿಗೆ ಗುಣ ಕಾಣದೆ ಅತ್ತಿಗೆ ಕುಸುಮಾವತಿ ಅವಳನ್ನು ಕೃಷ್ಣಾನಂದರ ಬಳಿಗೆ ಕರೆದೊಯ್ದರು. ಕಾಸರಗೋಡಿನವರು, ಕೊಚ್ಚಿ ಪಕ್ಕದ ಏಲೂರಿನ ಕಾರ್ಖಾನೆಯೊಂದರಿಂದ ನಿವೃತ್ತರಾದವರು. ತಲೆಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿದು ಪ್ರಾಣಶಕ್ತಿ ಹರಿಸುತ್ತಿದ್ದರು. ಅದಕ್ಕಾಗಿ ದುಡ್ಡಿರಲಿ, ಯಾರ ಮನೆಯ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಕೂದಲು ಮಾತ್ರ ಬರಲಿಲ್ಲ.

"ಮಗುವಿನ ಮನಸ್ಸಲ್ಲಿ ಸಂಶಯ ಉಂಟು. ನಂಬದವರಿಗೆ ಶಕ್ತಿ ಇಳಿಯುವುದಿಲ್ಲ," ಎಂದುಬಿಟ್ಟರಂತೆ. ಅಂದಿನಿಂದ ಅತ್ತಿಗೆ ನಂಬು ನಂಬು ಎಂದು ಮಗಳ ಬೆನ್ನು ಹತ್ತಿದರು. ರಜೆಗೆಂದು ತಿರುವನಂತಪುರದ ನಮ್ಮ ಮನೆಗೆ ಬಂದ ಹುಡುಗಿ ಊಟ ಬಿಟ್ಟು ಕಣ್ಣು ಮುಚ್ಚಿ ಕೂತಿರುತ್ತಿದ್ದಳು.

"ಏನೇ ಮಾಡ್ತಿದೀಯಾ?" ಎಂದೆ.

"ನಂಬೋಕೆ ನೋಡ್ತಿದೀನಿ ಅತ್ತೆ. ಕೂದಲು ಬರ್ತಿಲ್ವಲ್ಲ, ಅಂದ್ರೆ ನಾನಿನ್ನೂ ನಂಬಿಲ್ಲ ಅಂತ ತಾನೆ?"

ನಾನು ಪ್ರಯೋಗಾಲಯದಲ್ಲಿ ಮೊಲಗಳ ಮೇಲೆ ಔಷಧ ಪರೀಕ್ಷಿಸುವವಳು. ನೇರ ಕೊಚ್ಚಿಗೆ ಹೋಗಿ, ನಿಮ್ಮ ಶಕ್ತಿ ಮೊಲಕ್ಕೂ ನಡೆಯುತ್ತದೆಯೇ ಎಂದು ಕೃಷ್ಣಾನಂದರನ್ನೇ ಕೇಳಿದೆ.

"ಧಾರಾಳ. ಮೊಲಕ್ಕೆ ಸಂಶಯ ಎಲ್ಲಿ ಉಂಟು?" ಎಂದು ಅವರು ಖುಷಿಯಿಂದಲೇ ನಮ್ಮ ಪ್ರಯೋಗಾಲಯಕ್ಕೆ ಹೊರಟು ಬಂದರು.

ಮೊಲಗಳ ಬೆನ್ನಿನಲ್ಲಿ ಬಿಸ್ಕತ್ತಿನಷ್ಟಗಲ ಕೂದಲು ಬೋಳಿಸಿದೆವು. ಅರ್ಧ ಮೊಲಗಳಿಗೆ ಅವರು ದಿನವೂ ಅಂಗೈ ಹಿಡಿದರು, ಉಳಿದವುಗಳ ಹತ್ತಿರ ಸುಳಿಯಲಿಲ್ಲ. ಯಾವುದು ಯಾವುದೆಂದು ತಿಳಿಯದ ನನ್ನ ಸಹೋದ್ಯೋಗಿ ರಾಜಲಕ್ಷ್ಮಿ ಕೂದಲು ಅಳೆದಳು.

ರಜೆ ಮುಗಿದು ಮಗಳನ್ನು ಕರೆದೊಯ್ಯಲು ಬಂದ ಅತ್ತಿಗೆ, ಪ್ರಯೋಗಾಲಯದಲ್ಲಿ ಅವರು ಅಂಗೈ ಹಿಡಿದ ಮೊಲಗಳ ಪಂಜರ ಕಂಡದ್ದೇ ಕೈಮುಗಿದರು. "ನೋಡು ವೇದಾ, ಕೂದಲು ಹೇಗೆ ಬಂದಿದೆ. ಮೊಲಕ್ಕಿರೋ ನಂಬಿಕೆ ಇವಳಿಗಿಲ್ಲ."

ಅವರ ಕೈ ಹಿಡಿದು ಇನ್ನೊಂದು ಪಂಜರದ ಮುಂದೆ ನಿಲ್ಲಿಸಿದೆ. ಅಂಗೈ ಕಾಣದ ಆ ಮೊಲಗಳಿಗೂ ಅಷ್ಟೇ ಕೂದಲು ಬಂದಿತ್ತು. ರಾಜಲಕ್ಷ್ಮಿಯ ಅಳತೆಯೂ ಅದನ್ನೇ ಹೇಳಿತು.

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೆ ಅತ್ತಿಗೆ," ಎಂದೆ.

ಕೃಷ್ಣಾನಂದರು ಜಗಳಕ್ಕೆ ಬಂದಾರೆಂದು ನಾನು ಸೆರಗು ಸಿಕ್ಕಿಸಿ ನಿಂತಿದ್ದೆ. ಅವರು ಎರಡೂ ಪಂಜರ ನೋಡಿ, ಸ್ಟೂಲಿನ ಮೇಲೆ ಕೂತು ಉಸ್ಸೆಂದರು.

"ಗುಣ ಕಾಣದಾಗೆಲ್ಲ ನನ್ನಲ್ಲೇ ಏನೋ ಪಾಪ ಉಂಟು ಅಂತ ಉಪವಾಸ ಕೂತದ್ದು ಎಷ್ಟು ಸಲವೋ. ಯಾರದ್ದೂ ಪಾಪ ಅಲ್ಲ ಅಂತಾಯ್ತು. ನಿರ್ಮಲಾ, ಮಗಳೇ, ಅದನ್ನು ನಿನ್ನ ಮೇಲೆ ಹಾಕಿದ್ದು ನನ್ನ ತಪ್ಪು."

ಬೈಯಬೇಕೆಂದು ಕೂಡಿಟ್ಟಿದ್ದ ಮಾತೆಲ್ಲ ನನಗೆ ಮರೆತೇ ಹೋಯಿತು. ಆ ಮುದುಕರ ಮುಖದಲ್ಲಿದ್ದ ನೆಮ್ಮದಿ ನನಗೂ ಅಂಟಿಕೊಂಡಿತ್ತು.

ನಿರ್ಮಲ ತಾಯಿಯ ಕಡೆ ತಿರುಗಿದಳು. ಅವಳ ತಲೆಯಲ್ಲಿ ಒಂದು ಹೊಸ ಕೂದಲೂ ಹುಟ್ಟಿರಲಿಲ್ಲ.

"ನಾನು ನಂಬಿದ್ದೆ ಅಮ್ಮ," ಎಂದಳು. "ಮೊದಲನೇ ದಿನದಿಂದ್ಲೂ ನಂಬಿದ್ದೆ."