ಕಲ್ಲಮ್ಮನ ಅನುಮಾನ

ಆ ಬೆಳಿಗ್ಗೆ ಸೀತೂರಿನ ಕಡೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದ ಯೋಗೇಂದ್ರನ ಕತ್ತಿಯ ಸದ್ದು ಕೇಳುತ್ತಿತ್ತೇ ಹೊರತು ಅವನು ಕಾಣುತ್ತಿರಲಿಲ್ಲ. ಪಕ್ಕದ ಮನೆಯ ಮುದುಕಿ ಚಿಕ್ಕಕ್ಕ ಸದ್ದು ಹಿಡಿದು ಬಂದು ಅವನ ಕೈಯಿಂದ ಕತ್ತಿ ಕಿತ್ತುಕೊಂಡಳು.

“ಬಸುರಿ ಗಂಡ ನೀನು. ಚಟ್ಟ ಕಟ್ಟೋದು, ಹೊರೋದು ನಿಂಗಲ್ಲ ಮಾರಾಯ. ಕೊಳ್ಳಿ ಇಡೋದು ಮಾತ್ರ ಮಗನ ಪಾಲು.”

“ಹೆತ್ತವ್ವಂಗೂ ಹೆಗಲು ಕೊಡಬಾರ್ದಾ ಚಿಕ್ಕಕ್ಕ?”

“ಹೊಟ್ಟೇಲಿರೋದಕ್ಕೆ ಆಗಿಬರಲ್ಲ. ನಿಮ್ಮವ್ವ ಇದ್ದಿದ್ರೂ ಇದೇ ಹೇಳ್ತಿದ್ಲು. ಅವಳೋ, ಯಮನ್ನೂ ಬಾಗಿಲಲ್ಲಿ ನಿಲ್ಸಿ ಸರಿಯಾಗಿ ನೋಡ್ಕೊಂಡು ಬಂದ್ಯಾ, ಮನೆ ತಪ್ಪಿ ಬಂದ್ಯಾ ಅಂತ ಕೇಳಿರ್ತಾಳೆ.”

ಅಳುತ್ತಿದ್ದವನಿಗೂ ನಗು ಬಂತು.

ಜನ್ಮವೆಲ್ಲ ಕಾಫಿ ತೋಟದಲ್ಲಿ ಕೂಲಿ ಮಾಡಿದ ಅವನವ್ವ ಕಲ್ಲಮ್ಮ ಅಂಗಳದಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ತುಂಬು ಬಸುರಿಯಾದವಳು ಹೆಣ ನೋಡಬಾರದೆಂದು ಸೊಸೆ ಮಲ್ಲಿಕಾಳನ್ನು ಚಿಕ್ಕಕ್ಕನ ಮನೆಯಲ್ಲಿ ಇರಿಸಿದ್ದರು.

ಮಂಜಿನೊಳಗಿಂದ ಒಂದು ಸ್ಕೂಟರ್ ಬಂದು ನಿಂತಿತು. ನರ್ಸ್ ಸಂಪದಾ. ಹೆಗಲಿನ ಚೀಲ ತೆಗೆಯದೆಯೇ ಕಲ್ಲಮ್ಮನ ಪಾದ ಮುಟ್ಟಿ ಹೂವಿಟ್ಟಳು.

“ಇವಳ್ಯಾಕೆ ಬಂದ್ಲು?” ಹೆಂಗಸರ ಸಾಲಿನಿಂದ ಪಿಸುಮಾತು. “ಕಲ್ಲಮ್ಮನ ಕಂಡ್ರೇ ಆಗ್ತಿರ್ಲಿಲ್ಲ. ಸತ್ತಿದ್ದು ನಿಜಾನಾ ಅಂತ ನೋಡೋಕೆ ಬಂದಿರ್ಬೇಕು.”

* * *

ಕಲ್ಲಮ್ಮನಿಗೆ ಕುಸುಮಾ ಎಂಬ ಮಗಳಿದ್ದಳು. ಅವಳು ಬಸುರಿನ ತಪಾಸಣೆಗೆ ಹೋದಾಗಲೆಲ್ಲ ಆಗಿನ ನರ್ಸ್ ತೋಳಿಗೆ ಬಿಪಿ ಪಟ್ಟಿ ಕಟ್ಟದೆ, ಹೊಟ್ಟೆ ಮುಟ್ಟದೆ, ಎಲ್ಲ ಸರಿ ಇದೆ ಎಂದು ಮಾತ್ರೆ ಕೊಟ್ಟು ಕಳಿಸುತ್ತಿದ್ದಳು. ಕಲ್ಲಮ್ಮ ನಂಬಿದಳು. ಮಗಳ ಮುಖ ಊದಿದಾಗ, ಮೈ ತುಂಬಿಕೊಂಡಿದ್ದಾಳೆಂದು ದೃಷ್ಟಿ ತೆಗೆದಳು. ಒಂದು ಮಧ್ಯಾಹ್ನ ಬಿಪಿ ಏರಿ ಕುಸುಮಾಳಿಗೆ ಫಿಟ್ಸ್ ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಜೀಪಿನಲ್ಲಿ ಎರಡು ಜೀವ ಹೋದವು.

ಆಮೇಲೆ ಕಲ್ಲಮ್ಮ ನಂಬಿದ್ದು ದೇವರೊಬ್ಬನನ್ನೇ, ಅದೂ ಅರೆಮನಸ್ಸಿನಿಂದ. ಕೂಲಿಯವರ ಮನೆಗಳಲ್ಲಿ ಯಾರು ಬಸುರಾದರೂ ತಪಾಸಣೆಯ ದಿನ ಕೆಲಸ ಬಿಟ್ಟು ಜೊತೆಗೆ ಹೊರಡುವಳು. ಬೆಂಚಿನ ತುದಿಯಲ್ಲಿ ಕುಳಿತು ನರ್ಸಿನ ಕೈಯನ್ನೇ ನೋಡುವಳು.

“ಎಷ್ಟು ಬಂತು? ಇನ್ನೊಂದ್ಸಲ ನೋಡು.”

“ನಾನೇನು ಕಳ್ಳಿಯಾ ಕಲ್ಲಮ್ಮ?” ಸಂಪದಾ ರೇಗುವಳು.

“ಅಲ್ಲಮ್ಮ. ಆದ್ರೂ ಇನ್ನೊಂದ್ಸಲ ನೋಡು.”

ಹೋದ ವಾರ, ಕೊನೆಗೆ ಜೀವ ತೆಗೆದ ಆ ಜ್ವರ ಬಂದು ಕಲ್ಲಮ್ಮನಿಗೆ ಏಳಲಾಗಲಿಲ್ಲ. ಮಲ್ಲಿಕಾ ಒಬ್ಬಳೇ ತಪಾಸಣೆಗೆ ಹೋಗಿ ಬಂದಿದ್ದಳು.

* * *

ಸಂಪದಾ ಅಂಗಳ ದಾಟಿ ಚಿಕ್ಕಕ್ಕನ ಮನೆಯತ್ತ ನಡೆದಳು. ಮುದುಕಿ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಳು.

“ಮಲ್ಲಿಕಾನ ನೋಡ್ಬೇಕು,” ಎಂದಳು ಸಂಪದಾ.

“ಹೋದ ವಾರ ನೋಡಿದ್ರಲ್ಲ ಸಿಸ್ಟರೇ. ಮತ್ತೆಂತಕ್ಕೆ?”

ಒಳಗಿನಿಂದ ಮಲ್ಲಿಕಾಳ ಸಣ್ಣ ದನಿ ಬಂತು. “ಹೋದ ವಾರ ಪಟ್ಟಿ ಕಟ್ಲೇ ಇಲ್ಲ ಚಿಕ್ಕಕ್ಕ. ಜನ ಜಾಸ್ತಿ ಇದ್ರು. ಸರಿ ಇದೆ ಹೋಗು ಅಂದ್ರು.”

“ಓಹೋ! ಕಲ್ಲಿ ಇಲ್ಲದ ದಿನ ನೋಡ್ಕೊಂಡು!” ಚಿಕ್ಕಕ್ಕ ಸಿಡಿದಳು.

ಸಂಪದಾ ತಲೆ ತಗ್ಗಿಸಿದಳು. ಹೊಸಿಲಾಚೆಯಿಂದಲೇ ಕೇಳಿದಳು, “ತಲೆನೋವಿದ್ಯಾ ಮಲ್ಲಿಕಾ?”

“ಅತ್ತೂ ಅತ್ತೂ ಸಿಡೀತದೆ, ಅಷ್ಟೇ,” ಎಂದಳು ಚಿಕ್ಕಕ್ಕ.

“ಕಣ್ಣೆದುರು ಮಿಂಚುಹುಳ ಹಾರಿದ ಹಾಗೂ ಆಗ್ತದೆ,” ಎಂದಳು ಮಲ್ಲಿಕಾ.

“ಬಾಗಿಲು ಬಿಡಿ ಚಿಕ್ಕಕ್ಕ.”

“ಹೆಣ ಮುಟ್ಟಿದ ಕೈಯಲ್ಲಿ ಬಸುರಿ ಮುಟ್ಟೋದಾ? ಕಲ್ಲಿಯೇ ನಿನ್ನ ನಂಬ್ಲಿಲ್ಲ, ನಾ ಹೆಂಗೆ ನಂಬ್ಲಿ?”

ಸಂಪದಾ ಚೀಲವನ್ನು ಜಗುಲಿಯ ಮೇಲಿಟ್ಟು ನೀರಿನ ತೊಟ್ಟಿಗೆ ಹೋದಳು. ಉಟ್ಟ ಸೀರೆಯಲ್ಲೇ, ಎಲ್ಲರೂ ನೋಡುತ್ತಿರುವಂತೆಯೇ, ಆ ಚಳಿಯಲ್ಲಿ ಕೊಡ ಎತ್ತಿ ತಲೆಯ ಮೇಲೆ ಸುರಿದುಕೊಂಡಳು. ನಡುಗುತ್ತ ಮರಳಿದವಳನ್ನು ಕಂಡು ಚಿಕ್ಕಕ್ಕನ ಕೈ ಬಾಗಿಲಿನಿಂದ ಇಳಿಯಿತು. ಸಂಪದಾ ಒಳಗೆ ಹೋಗಿ ಮಲ್ಲಿಕಾಳ ತೋಳಿಗೆ ಪಟ್ಟಿ ಕಟ್ಟುವಾಗಲೂ ಮುದುಕಿಯ ಕಣ್ಣು ಮಾತ್ರ ಆ ಕೈ ಬಿಡಲಿಲ್ಲ.

“ಎಷ್ಟು ಬಂತು?”

“ತುಂಬ ಜಾಸ್ತಿ ಇದೆ.”

“ಇನ್ನೊಂದ್ಸಲ ನೋಡು.”

ಸಂಪದಾ ಇನ್ನೊಮ್ಮೆ ಪಟ್ಟಿ ಕಟ್ಟಿದಳು. ಎದ್ದು ಹೊರಗೆ ಕೂಗಿದಳು, “ಜೀಪು ಯಾರದ್ದು? ಈಗ್ಲೇ ಎನ್.ಆರ್.ಪುರದ ಆಸ್ಪತ್ರೆಗೆ ಹೊರಡ್ಬೇಕು!”

ಸಾವಿಗೆ ಬಂದಿದ್ದ ಸುಬ್ಬಯ್ಯ ತನ್ನ ಜೀಪಿನತ್ತ ಓಡಿದ. ಯೋಗೇಂದ್ರ ಅವ್ವನ ಹೆಣವನ್ನೂ ಹೆಂಡತಿಯನ್ನೂ ನೋಡುತ್ತ ನಿಂತುಬಿಟ್ಟ. ಅಕ್ಕ ಕುಸುಮಾ ಹೋದದ್ದೂ ಜೀಪಿನಲ್ಲೇ.

“ಕೊಳ್ಳಿ ಇಟ್ಟು ಬಾ ನೀನು,” ಎಂದಳು ಚಿಕ್ಕಕ್ಕ. “ನಾ ಹೋಗ್ತೀನಿ. ಇವಳ ಕೈಗೆ ಮಲ್ಲಿಕಾನ ಒಬ್ಬಳನ್ನೇ ಬಿಟ್ಟು ಕಳ್ಸಲ್ಲ.”

ಮಂಜಿನಲ್ಲಿ ಜೀಪು ತಿರುಗಿಸಿಕೊಳ್ಳುವಷ್ಟರಲ್ಲಿ ಹೆಣ ಹೊರಟಿತ್ತು. ತೋಟದ ದಾರಿ ಒಂದೇ, ಒಂದು ಗಾಡಿಯಗಲ. ಹೆಣ ಬಂದರೆ ಬದುಕಿದವರು ದಾರಿ ಬಿಡುವುದು ವಾಡಿಕೆ. ಹಿಂದಿನಿಂದ ಹಾರನ್ ಕೇಳಿದ್ದೇ, ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯುತ್ತಿದ್ದ ಯೋಗೇಂದ್ರ ತಿರುಗಿ ಕೈಬೀಸಿದ. ಹೊತ್ತವರು ಮೊಣಕಾಲುದ್ದದ ಚರಂಡಿಗಿಳಿದು, ಕಾಫಿಗಿಡಗಳಿಗೆ ಒತ್ತಿಕೊಂಡು, ಚಟ್ಟವನ್ನು ಓರೆಯಾಗಿ ಎತ್ತಿ ಹಿಡಿದು ನಿಂತರು.

ಜೀಪಿನೊಳಗೆ ಚಿಕ್ಕಕ್ಕ ಸೆರಗಿನಿಂದ ಮಲ್ಲಿಕಾಳ ಕಣ್ಣು ಮುಚ್ಚಿದಳು. ಇನ್ನೊಂದ್ಸಲ ನೋಡೆಂದು ಯಾರೂ ಹೇಳಲಿಲ್ಲ. ಸಂಪದಾ ಮಲ್ಲಿಕಾಳ ತೋಳನ್ನು ತನ್ನ ಒದ್ದೆ ಮಡಿಲಿಗೆ ಎಳೆದುಕೊಂಡು, ಮತ್ತೊಮ್ಮೆ ಪಟ್ಟಿ ಸುತ್ತತೊಡಗಿದಳು.