ಯಾರ ಮನೆಯವನೆಂದು ಕೇಳುತ್ತಿದ್ದ ನಾಗಕ್ಕ

ನಾಗಕ್ಕ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಿದ್ದಳು. ನಸುಕಿನ ಅರೆಬೆಳಕಿನಲ್ಲಿ, ನಮ್ಮ ದಾವಣಗೆರೆಯ ಬಡಾವಣೆಯ ಪಾರ್ಕಿನಲ್ಲಿ, ಬೇವಿನ ಮರಗಳ ಆಚೆಯಿಂದ ಮೊದಲು ಬರುತ್ತಿದ್ದದ್ದು ಅವಳ ಕೋಟಿನ ಜೇಬಿನೊಳಗಿನ ಬೀಗದ ಕೈಗಳ ಸದ್ದು. ಆ ಕೋಟಾದರೂ ಅವಳದಲ್ಲ. ಗಂಡ ಹಾಲಸ್ವಾಮಿ ಹರಿಹರದ ಕಾರ್ಖಾನೆಯೊಂದರಲ್ಲಿ ತೊಟ್ಟು ಸವೆಸಿ, ಸತ್ತಮೇಲೆ ಬಿಟ್ಟುಹೋದ ನೀಲಿ ಕೋಟು, ಮೊಣಕೈಯ ಬಳಿ ಎಷ್ಟು ಒಗೆದರೂ ಹೋಗದ ಎಣ್ಣೆಯ ಕಲೆ. ಅದರ ಕೆಳಗೆ ಕಣಕಾಲಿನ ಮೇಲಕ್ಕೆ ಎತ್ತಿ ಸಿಕ್ಕಿಸಿದ ಸೀರೆ, ಅದರ ಕೆಳಗೆ ಬಿಳಿಯ ಕ್ಯಾನ್ವಾಸ್ ಬೂಟು. ಐವತ್ತು ದಾಟಿದ ಈ ಹೆಂಗಸು ಎದೆ ಮುಂದೆ ಮಾಡಿ, ಮುಷ್ಟಿ ಬಿಗಿದು, ಹರಿಹರದ ಬಸ್ಸು ತಪ್ಪಿಹೋಗುತ್ತದೆ ಎಂಬ ಧಾವಂತದಲ್ಲಿರುವವಳಂತೆ ಓಡುತ್ತಿದ್ದಳು. ಆ ಓಟದಲ್ಲಿ ಲಾಲಿತ್ಯವೆಂಬುದು ಲವಲೇಶವೂ ಇರಲಿಲ್ಲ. ಲಾಲಿತ್ಯ ಬೇಕೆಂದು ಅವಳೂ ಓಡುತ್ತಿರಲಿಲ್ಲ.

ಮೊದಮೊದಲು ಅವಳು ಓಡುತ್ತಿರಲಿಲ್ಲ, ನಡೆಯುತ್ತಿದ್ದಳು. ಸಕ್ಕರೆ ಕಾಯಿಲೆಗೆ ಡಾಕ್ಟರು ನಡಿಗೆ ಬರೆದುಕೊಟ್ಟಿದ್ದರು. ಆದರೆ ನಡೆಯುವ ವಿಧವೆಗೆ ಪಾರ್ಕಿನಲ್ಲಿ ಎಂಥೆಂಥ ಸಾಂಗತ್ಯ ಒದಗುತ್ತದೆಂಬುದನ್ನು ಡಾಕ್ಟರು ಹೇಳಿರಲಿಲ್ಲ. ಒಬ್ಬ ಮೊಬೈಲಿನಲ್ಲಿ ಹಾಡು ಹಚ್ಚಿಕೊಂಡು ಹಿಂದೆಯೇ ಬರುವವನು, ಇನ್ನೊಬ್ಬ ಪ್ರತಿ ತಿರುವಿನಲ್ಲೂ ಹೊರಳಿ ನೋಡುವವನು, ಮತ್ತೊಬ್ಬ ಅವಳು ಹತ್ತಿರ ಬಂದಾಗಲೇ ಬೂಟಿನ ಲಾಡಿ ಬಿಚ್ಚಿಹೋಗಿ ಬಗ್ಗುವವನು. ಮೆಲ್ಲಗೆ ನಡೆಯುವ ಹೆಂಗಸು ಯಾರಿಗೋ ಕಾಯುತ್ತಿದ್ದಾಳೆ ಎಂಬುದು ನಮ್ಮ ಗಂಡಸರ ತರ್ಕಶಾಸ್ತ್ರದ ಮೊದಲ ಸೂತ್ರ. ಒಂದು ದಿನ ಬೇಸತ್ತು ಅವಳು ಓಡಿಯೇಬಿಟ್ಟಳು. ಬೆಣ್ಣೆದೋಸೆಯಲ್ಲಿ ಬೆಳೆದ ಹೊಟ್ಟೆಗಳು ಎರಡನೆಯ ಸುತ್ತಿಗೇ ಬೆಂಚು ಹಿಡಿದವು. ಅಂದಿನಿಂದ ಬಹುಕಾಲ ನಾಗಕ್ಕ ನಡೆದದ್ದನ್ನು ಯಾರೂ ನೋಡಲಿಲ್ಲ.

ಅವಳದು ಜಂಪರು ಹೊಲಿಯುವ ಕಸುಬು. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ನು, ಗೋಡೆಗೆ ತೂಗುಹಾಕಿದ ಅರ್ಧ ಊರಿನ ಹೆಂಗಸರ ಅಳತೆ ಜಂಪರುಗಳು. ಹೀಗಾಗಿ ಯಾವ ಮನೆಯ ಸೊಸೆ ಯಾವ ಊರಿನವಳು, ಯಾವ ಅತ್ತೆಯ ತೋಳು ಯಾವ ವರ್ಷ ಸೊರಗಿತು ಎಂಬುದೆಲ್ಲ ಅವಳಿಗೆ ಕರತಲಾಮಲಕ. ಈ ವಿದ್ಯೆಯೇ ಅವಳಿಗೆ ಪಾರ್ಕಿನಲ್ಲಿ ಆಯುಧವಾಯಿತು. ಓಡುವ ಹುಡುಗಿಯರ ಬೆನ್ನು ಹತ್ತಿದವನೊಬ್ಬ ಕಣ್ಣಿಗೆ ಬಿದ್ದರೆ ಅವಳು ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಎದುರಿಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಹೆಣ್ಣು ಕೊಡಲು ಬಂದವರು ವಿಚಾರಿಸುವಷ್ಟು ಸಮಾಧಾನದಲ್ಲಿ ಕೇಳುತ್ತಿದ್ದಳು:

"ಯಾರ ಮನಿಯೋನಪ್ಪ ನೀನು?"

ಅಷ್ಟೇ. ಕಳ್ಳನೆನ್ನಿ, ಲಫಂಗನೆನ್ನಿ, ನಮ್ಮೂರಿನ ಹುಡುಗರು ನಕ್ಕುಬಿಡುತ್ತಾರೆ. ಮನೆ ಯಾವುದೆಂದು ಕೇಳಿದರೆ ಮಾತ್ರ ಬೆವರುತ್ತಾರೆ. ಹೆಸರಿಗೆ ಮಹಾನಗರವಾದರೂ ದಾವಣಗೆರೆಯಲ್ಲಿ ಪ್ರತಿಯೊಬ್ಬನೂ ಯಾವುದೋ ಒಂದು ಮನೆಯವನು, ಆ ಮನೆಯಲ್ಲಿ ಒಬ್ಬ ತಾಯಿ, ಆ ತಾಯಿಯ ಜಂಪರು ನಾಗಕ್ಕನ ಗೋಡೆಯ ಮೇಲೆ. ಎದುರು ಬರುವ ಹೆಂಗಸರಿಗೆಲ್ಲ ಮೊಣಕೈ ತಾಗಿಸಿಕೊಂಡೇ ಹಾಯುತ್ತಿದ್ದ ತಿಮ್ಮೇಶನೆಂಬ ನಡುವಯಸ್ಸಿನ ಗೃಹಸ್ಥನ ಮನೆಗೆ ಅವಳು ಹೊಲಿದ ಜಂಪರು ಕೊಡುವ ನೆಪದಲ್ಲಿ ಹೋಗಿ, ಕೊಟ್ಟ ಚಹಾ ಕುಡಿದು, ಲೋಟ ಕೆಳಗಿಡುತ್ತ ಅವನ ತಾಯಿಗೆ ಹೇಳಿದ್ದಳಂತೆ: "ನಿಮ್ ಮಗನಿಗೆ ಪಾರ್ಕಿನ್ಯಾಗೆ ದಾರಿ ಸಾಲವಲ್ದು ನೋಡ್ರಿ, ಹೆಂಗಸರ ಮೈಮ್ಯಾಲೇ ಹಾದು ಹೋಗ್ತಾನೆ." ತಿಮ್ಮೇಶ ಮಾರನೆಯ ದಿನದಿಂದ ಊರಿನ ಇನ್ನೊಂದು ತುದಿಯಲ್ಲಿ ವಾಯುಸೇವನೆ ಮಾಡತೊಡಗಿದ.

ಪಾರ್ಕಿನಲ್ಲಿ ಹಿರಿಯರು ಇರಲಿಲ್ಲವೆಂದಲ್ಲ. ಪಿಂಚಣಿದಾರರ ಬೆಂಚೊಂದಿತ್ತು, ಲೋಕದ ಸಕಲ ಸಮಸ್ಯೆಗಳಿಗೂ ಅಲ್ಲಿ ಪರಿಹಾರ ಸಿಗುತ್ತಿತ್ತು. ಹುಡುಗಿಯರ ದೂರು ಹೆಚ್ಚಾದಾಗ ಅವರು ಗಂಭೀರವಾಗಿ ಸಮಾಲೋಚಿಸಿ, ಹೆಣ್ಣುಮಕ್ಕಳು ಬಿಸಿಲೇರಿದ ಮೇಲೆ ಬರುವುದು, ಗುಂಪಾಗಿ ಬರುವುದು, ಮೈತುಂಬ ಬಟ್ಟೆ ಹಾಕಿಕೊಂಡು ಬರುವುದು ಕ್ಷೇಮವೆಂದು ತೀರ್ಮಾನಿಸಿದರು. ತೋಳ ಬಂದಿತೆಂದು ಕುರಿಗೆ ಉಪದೇಶ ಮಾಡುವ ಇಂಥ ಜಾಣತನ ನಮ್ಮಲ್ಲಿ ಬೇಕಾದಷ್ಟಿದೆ. ನಾಗಕ್ಕನಿಗೆ ಆ ಬೆಂಚಿನ ಮೇಲೆ ನಂಬಿಕೆಯಿರಲಿಲ್ಲ, ಪೊಲೀಸರ ಮೇಲೆ ಮೊದಲೇ ಇರಲಿಲ್ಲ. ಠಾಣೆಗೆ ಹೋದರೆ ಹುಡುಗಿಯ ಹೆಸರು ಊರೆಲ್ಲ ಓಡುತ್ತದೆ, ಹುಡುಗ ಮನೆಯಲ್ಲಿ ಹಾಯಾಗಿ ಮಲಗಿರುತ್ತಾನೆ ಎಂಬುದು ಅವಳ ಅಭಿಮತ. ಅವಳ ನಂಬಿಕೆಯೆಲ್ಲ ಮನೆಗಳ ಮೇಲೆ, ಮನೆಯೊಳಗಿನ ತಾಯಂದಿರ ಮೇಲೆ. ಎಡವಿದ್ದೂ ಅಲ್ಲಿಯೇ.

ಅವಳ ಜೊತೆ ಓಡುತ್ತಿದ್ದವಳು ಚೈತ್ರಾ, ಗುತ್ತೂರಿನ ಗಿಡ್ಡಪ್ಪನ ಮಗಳು. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕೆಂದು ಪಣ ತೊಟ್ಟು, ದಾವಣಗೆರೆಯಲ್ಲಿ ಗೆಳತಿಯರ ಜೊತೆ ಕೋಣೆ ಮಾಡಿಕೊಂಡು, ಓಟದ ಪರೀಕ್ಷೆಗೆ ತಯಾರಾಗುತ್ತಿದ್ದ ಹುಡುಗಿ. ಹಾಲಸ್ವಾಮಿಯ ಮನೆಯೂ ಒಂದು ಕಾಲಕ್ಕೆ ಗುತ್ತೂರಿನಲ್ಲೇ ಇದ್ದದ್ದರಿಂದ ನಾಗಕ್ಕನಿಗೆ ಅವಳು ತನ್ನೂರ ಹುಡುಗಿ. ಗಿಡ್ಡಪ್ಪನಿಗೆ ಮಗಳ ಓಟ ಅಷ್ಟಾಗಿ ಹಿಡಿಸಿರಲಿಲ್ಲ. ಒಂದೇ ಒಂದು ಮಾತು ಬಂದರೂ ಗಂಟುಮೂಟೆ ಕಟ್ಟಿಸುವೆನೆಂದು ಹೇಳಿಯೇ ಕಳಿಸಿದ್ದ. ನಾಗಕ್ಕ ಇದ್ದಾಳಲ್ಲ ಎಂಬ ಧೈರ್ಯವೊಂದೇ ಅವನನ್ನು ಒಪ್ಪಿಸಿತ್ತು.

ಯುಗಾದಿ ಕಳೆದ ಮೇಲಿನ ಒಂದು ಬೆಳಗು. ಕೆಲವು ದಿನಗಳಿಂದ ಮೊಬೈಲು ಹಿಡಿದು ಚೈತ್ರಾಳ ಬೆನ್ನಿಗೇ ಓಡುತ್ತ ಚಿತ್ರ ತೆಗೆಯುತ್ತಿದ್ದ ಅಂಜನ್ ಕುಮಾರ್ ಎಂಬ ತರುಣ, ನೀರಿನ ಟ್ಯಾಂಕಿನ ತಿರುವಿನಲ್ಲಿ ಹಿಂದಿನಿಂದ ಬಂದು ಅವಳನ್ನು ಬಾಚಿ ತಬ್ಬಿಕೊಂಡ. ಕೈ ಎಲ್ಲಿಗೆ ಹೋಗಬಾರದೋ ಅಲ್ಲಿಗೆ ಹೋಯಿತು. ಹುಡುಗಿ ಕೊಸರಿಕೊಂಡು ಬಿದ್ದಳು, ಮೊಣಕಾಲು ತರಚಿತು. ತಿರುವಿನಲ್ಲಿ ಓಡಿ ಬಂದ ನಾಗಕ್ಕ ಅಷ್ಟನ್ನೂ ಕಂಡಳು. ಬೆಂಚಿನ ಹಿರಿಯರು ಆ ಹೊತ್ತಿಗೆ ಸೂರ್ಯನಮಸ್ಕಾರದಲ್ಲಿ ತಲ್ಲೀನರಾಗಿದ್ದರು. ಅವಳು ತನ್ನ ಪ್ರಶ್ನೆ ಕೇಳಿದಳು. ಹುಡುಗ ಬೆವರಲಿಲ್ಲ.

"ಮಂಡಿಪೇಟೆ ಕಮಾನು ಮನಿಯೋನು. ಬೇಕಾದ್ರೆ ಮನಿಗೆ ಬರ್ರಿ," ಎಂದ.

ಚೈತ್ರಾ ಆಗಲೇ ಠಾಣೆಗೆ ಹೊರಟಿದ್ದಳು. ತಡೆದವಳು ನಾಗಕ್ಕ. ಒಂದು ದಿನ ಕೊಡು, ಮನೆಗೆ ಹೋಗಿ ಬರುತ್ತೇನೆ, ತಾಯಂದಿರಿಗೆ ಕಣ್ಣಿರುತ್ತದೆ ಎಂದಳು. ಅಲ್ಲಿ ನ್ಯಾಯ ಸಿಗದಿದ್ದರೆ ಕಂಡದ್ದನ್ನು ಕಂಡ ಹಾಗೆ ಹೇಳಲು ತಾನೇ ಠಾಣೆಗೆ ಬರುವೆನೆಂದು ಹುಡುಗಿಯ ಕೈ ಮುಟ್ಟಿ ಮಾತು ಕೊಟ್ಟಳು.

ಕಮಾನು ಮನೆ ಮಂಡಿಪೇಟೆಯ ಹಳೆಯ ಸಗಟು ವ್ಯಾಪಾರದ ಮನೆ. ಮುಂದೆ ಅಂಗಡಿ, ಹಿಂದೆ ತೊಟ್ಟಿ, ತೊಟ್ಟಿಯಲ್ಲಿ ಮಂಚದ ಮೇಲೆ ಅಜ್ಜಿ ಕೊಟ್ರವ್ವ. ನಾಗಕ್ಕ ಹೇಳಿದ್ದನ್ನೆಲ್ಲ ಕೊಟ್ರವ್ವ ಕೇಳಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಮೊಮ್ಮಗನನ್ನು ಹೆತ್ತ ಸೊಸೆಯನ್ನು ಕರೆದು ನಾಲ್ಕು ಮಾತು ಬೈದಳು. ನಾಗಕ್ಕನ ಎದೆ ಹಗುರಾಯಿತು, ಕೆಲಸ ಆಯಿತೆಂದುಕೊಂಡಳು. ಎದ್ದು ಹೊರಡುವಷ್ಟರಲ್ಲಿ ಸೊಸೆ ತಟ್ಟೆ ಹಿಡಿದು ಬಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಎಲೆ ಅಡಿಕೆ, ಮೇಲೊಂದು ಹಸಿರು ಜಂಪರಿನ ಕಣ.

ಇಲ್ಲಿ ಒಂದು ಮಾತು ಹೇಳಬೇಕು. ಹಾಲಸ್ವಾಮಿ ತೀರಿಕೊಂಡ ಮೇಲೆ ನಾಗಕ್ಕನ ಉಡಿ ಯಾರೂ ತುಂಬಿರಲಿಲ್ಲ. ಮದುವೆಮನೆಗಳಲ್ಲಿ ತಟ್ಟೆ ಅವಳ ಹತ್ತಿರ ಬಂದು ಪಕ್ಕಕ್ಕೆ ಹೊರಳುತ್ತಿತ್ತು. ನಂದಿಗುಡಿಯ ತವರಿನಲ್ಲಿ, ಪಂಚಮಿಗೆ ಹೋದಾಗ, ಅಕ್ಕತಂಗಿಯರಿಗೆಲ್ಲ ಉಡಿ ತುಂಬುವ ಹೊತ್ತಿಗೆ ತಮ್ಮನ ಹೆಂಡತಿ ಏನೋ ನೆನಪಾದವಳಂತೆ ಇವಳನ್ನು ಅಡಿಗೆಮನೆಗೆ ಕಳಿಸುತ್ತಿದ್ದಳು. ವರ್ಷವಿಡೀ ಊರಿನವರ ಉಡಿಯ ಕಣಗಳನ್ನು ಕತ್ತರಿಸಿ ಹೊಲಿಯುವ ಕೈ ಅದು. ತನ್ನದೊಂದು ಕಣ ಆ ಮಷಿನ್ನಿನ ಸೂಜಿಯ ಕೆಳಗೆ ಹೋಗಿರಲಿಲ್ಲ. ಊರು ಅವಳನ್ನು ಗಟ್ಟಿಗಿತ್ತಿ ಎಂದು ಕರೆಯುತ್ತಿತ್ತು. ಗಟ್ಟಿಗಿತ್ತಿಗೆ ಏನು ಬೇಕೆಂದು ಕೇಳುವ ಪದ್ಧತಿ ಊರಿಗೆ ಇರಲಿಲ್ಲ.

"ನಂಗೆ ಬ್ಯಾಡ್ರಿ ಅವ್ವಾರೆ. ನಾನು..." ಎನ್ನುತ್ತ ಸೆರಗನ್ನು ಹಿಂದಕ್ಕೆಳೆದುಕೊಂಡಳು.

"ಅದೆಲ್ಲ ನಮ್ಮನ್ಯಾಗೆ ನೋಡಂಗಿಲ್ಲ," ಎಂದಳು ಕೊಟ್ರವ್ವ. "ಇವತ್ತಿಂದ ನೀನು ಈ ಮನಿ ಮಗಳು. ಉಡಿ ಒಡ್ಡು."

ನಾಗಕ್ಕ ಉಡಿ ಒಡ್ಡಿದಳು. ಅಕ್ಕಿ ಬೀಳುವಾಗ ಅವಳ ಕಣ್ಣಲ್ಲಿ ನೀರು ಬಂತು. ಎರಡೂ ಕೈಯಿಂದ ಸೆರಗು ಹಿಡಿದುಕೊಂಡು ಹೊಸಿಲು ದಾಟುವಾಗ ಮುದುಕಿ ಬಾಗಿಲ ತನಕ ಬಂದು, ಮೆಲ್ಲಗೆ, ಮಗಳಿಗೆ ಹೇಳುವ ಹಾಗೆಯೇ ಹೇಳಿದಳು:

"ತವರುಮನಿ ಮಾತು ತವರಾಗೇ ಇರ್ಲಿ ತಾಯಿ."

ವ್ಯಾಪಾರಸ್ಥರ ಮನೆ, ಯಾರಿಗೆ ಏನು ಕೊಟ್ಟರೆ ಏನು ಬರುತ್ತದೆಂದು ಬಲ್ಲವರು. ವಿಧವೆಗೆ ಉಡಿ ತುಂಬಿದ ಸುಧಾರಣೆಯನ್ನು ಕಂಡು ಮೆಚ್ಚಬೇಕೋ, ಆ ಸುಧಾರಣೆಯ ಹಿಂದಿದ್ದ ಲೆಕ್ಕಾಚಾರಕ್ಕೆ ಉಗಿಯಬೇಕೋ ಎಂಬುದನ್ನು ಓದುವವರೇ ತೀರ್ಮಾನಿಸಲಿ. ನಾಗಕ್ಕನಿಗೆ ಮಾತ್ರ ಆ ಹೊತ್ತು ಲೆಕ್ಕ ಕಾಣಲಿಲ್ಲ, ಉಡಿ ಕಂಡಿತು. ಸಂತೋಷಕ್ಕೆ ಅವಳು ಕೊಬ್ಬರಿಯ ಒಂದು ಬಟ್ಟಲನ್ನು ಚೈತ್ರಾಳ ಕೋಣೆಗೆ ಒಯ್ದು ಕೊಟ್ಟಳು. ಹುಡುಗನಿಗೆ ಮನೆಯಲ್ಲಿ ಬೈದಿದ್ದಾರೆ, ಇನ್ನು ಬರುವುದಿಲ್ಲ, ಓಟದ ಮೇಲೆ ಮನಸ್ಸಿಡು ಎಂದಳು.

ಅವನು ಮಾರನೆಯ ದಿನವೇ ಬಂದ. ಚೈತ್ರಾ ಪಾರ್ಕಿನಿಂದ ನೆಟ್ಟಗೆ ಠಾಣೆಗೆ ಹೋದಳು.

ಠಾಣೆಯಲ್ಲಿ ನಾಗಕ್ಕನನ್ನು ಕರೆಸಿ ಕೇಳಿದರು. ಕಮಾನು ಮನೆಯ ಸೊಸೆಯೂ ಬಂದು ಬೆಂಚಿನ ಮೇಲೆ ಕೂತಿದ್ದಳು. ನಾಗಕ್ಕನನ್ನು ನೋಡಿ ಜಾಗ ಮಾಡಿಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, ಅತ್ತಿಗೆ ನಾದಿನಿಯ ಸಲುಗೆಯಲ್ಲಿ ಮೊಣಕಾಲ ಮೇಲೆ ಕೈಯಿಟ್ಟಿದ್ದಳು. ಸಾಹೇಬರು ಏನು ಕಂಡಿರೆಂದು ಕೇಳಿದರು. ಉಂಡ ಮನೆಯ ಜಂತೆ ಎಣಿಸಬಾರದೆಂದು ಕಲಿತುಬಂದ ನಾಲಿಗೆ, ಉಡಿ ತುಂಬಿದ ಮನೆಯ ಮಾತು ಹೇಗೆ ಆಡೀತು? ನಾಗಕ್ಕ ನೆಲ ನೋಡಿದಳು.

"ಮಂಜಿತ್ರಿ ಸಾಹೇಬ್ರೆ. ಸರಿಯಾಗಿ ಕಾಣ್ಲಿಲ್ಲ."

ಯುಗಾದಿ ಕಳೆದ ದಾವಣಗೆರೆಯಲ್ಲಿ ಮಂಜು! ನಸುಕಿಗೇ ಬೆನ್ನು ಒದ್ದೆಯಾಗುವ ಕಾಲ ಅದು. ಬರೆದುಕೊಳ್ಳುತ್ತಿದ್ದ ಪೇದೆ ಕೂಡ ಒಮ್ಮೆ ತಲೆಯೆತ್ತಿ ತಿರುಗುವ ಫ್ಯಾನನ್ನು ನೋಡಿ, ಮತ್ತೆ ತಲೆ ತಗ್ಗಿಸಿ ಮಂಜೆಂದೇ ಬರೆದುಕೊಂಡ. ಚೈತ್ರಾ ಅಳಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ನಾಗಕ್ಕನನ್ನು ಒಂದೇ ಒಂದು ಮಾತು ಕೇಳಿದಳು.

"ನಾಗಕ್ಕ, ಆ ಕೊಬ್ಬರಿ ಯಾರ ಮನೀದು?"

ಎಷ್ಟೋ ಜನರನ್ನು ಅದೇ ಪ್ರಶ್ನೆಯಿಂದ ಓಡಿಸಿದವಳು ಅಂದು ನಿಂತಲ್ಲೇ ನಿಂತಳು. ಮಗಳನ್ನು ಕರೆದೊಯ್ಯಲು ಬಂದ ಗಿಡ್ಡಪ್ಪ ನಾಗಕ್ಕನನ್ನು ಬೈಯಲೂ ಇಲ್ಲ, ಮಾತಾಡಿಸಲೂ ಇಲ್ಲ. ಓಟದ ಪರೀಕ್ಷೆಯ ದಿನ ಚೈತ್ರಾ ಗುತ್ತೂರಿನ ಮನೆಯಲ್ಲಿದ್ದಳೆಂದೂ, ಅಲ್ಲಿನ ಕಾರ್ಖಾನೆಯ ಗೋಡೆಯ ಪಕ್ಕದ ರಸ್ತೆಯಲ್ಲಿ ಓಡುತ್ತೇನೆಂದರೆ ಅದಕ್ಕೂ ಅಪ್ಪ ಬಿಡಲಿಲ್ಲವೆಂದೂ ಆಮೇಲೆ ತಿಳಿಯಿತು.

ನಾಗಕ್ಕ ಸುಮ್ಮನೆ ಕೂರಲಿಲ್ಲವೆಂಬುದನ್ನೂ ಹೇಳಬೇಕು. ಕೆಲವು ದಿನ ನಿದ್ದೆಗೆಟ್ಟು, ಒಂದು ಮಧ್ಯಾಹ್ನ ಕಣವನ್ನು ಮಡಿಸಿ ಕಮಾನು ಮನೆಗೆ ಮರಳಿಸಲು ಹೋದಳು. ಉಡಿಯದ್ದನ್ನು ವಾಪಸು ಕೊಡುವ ಮಗಳು ಎಲ್ಲಿಯಾದರೂ ಇದ್ದಾಳೆಯೇ ಎಂದು ಕೊಟ್ರವ್ವ ನಕ್ಕು, ಕುಂಕುಮವನ್ನೂ ಹಚ್ಚಿ ಕಳಿಸಿದಳು. ಅಕ್ಕಿಯಂತೂ ಆಗಲೇ ಅನ್ನವಾಗಿ ಹೊಟ್ಟೆ ಸೇರಿತ್ತು. ಅಲ್ಲಿಂದ ಠಾಣೆಗೆ ಹೋಗಿ, ನಾನು ಕಂಡಿದ್ದೇನೆ, ಬರೆದುಕೊಳ್ಳಿ ಎಂದಳು. ಅದೇ ಪೇದೆ ಅವಳನ್ನು ನೋಡಿ, "ಈಗ ಮಂಜು ಕರಗಿತೇನಮ್ಮ?" ಎಂದ. ಹುಡುಗಿಯ ಮನೆಯವರೇ ಬೇಡವೆಂದು ಬರೆದುಕೊಟ್ಟು ಹೋಗಿದ್ದಾರೆಂದೂ, ಬಿಸಿಲಲ್ಲಿ ತಿರುಗಬೇಡಿರೆಂದೂ ಹೇಳಿ ಕಳಿಸಿದ.

ಈಗಲೂ ಅವಳು ಪಾರ್ಕಿಗೆ ಬರುತ್ತಾಳೆ. ಕೋಟು ಇಲ್ಲ, ಓಟವೂ ಇಲ್ಲ. ಹೊಸ ಹುಡುಗಿಯರು ಓಡುತ್ತಾರೆ, ಅವರ ಹಿಂದೆ ಹೊಸ ಮೊಬೈಲುಗಳು ಓಡುತ್ತವೆ. ಬೆಂಚು ತನ್ನ ಸಲಹೆಯನ್ನು ಬಿಟ್ಟಿಲ್ಲ. ಅಂಜನ್ ಕುಮಾರ್ ದಿನವೂ ಬರುತ್ತಾನೆ, ಅವಳನ್ನು ಕಂಡರೆ ತಪ್ಪದೆ ನಿಂತು ಮಾತಾಡಿಸುತ್ತಾನೆ. ಅಜ್ಜಿಯ ಮಗಳೆಂದಮೇಲೆ ವಾವೆಯಲ್ಲಿ ಇನ್ನೇನಾಗಬೇಕು?

"ಅತ್ತೇರೆ, ಆರಾಮದೀರಾ?" ಎನ್ನುತ್ತಾನೆ. ಅವಳು ಆರಾಮೆನ್ನುತ್ತಾಳೆ.

ಹಸಿರು ಕಣ ಇನ್ನೂ ಮಷಿನ್ನಿನ ಮೇಲಿನ ಗೂಡಿನಲ್ಲಿದೆ. ಕತ್ತರಿ ಹಾಕಿಲ್ಲ.

ನಾಗಕ್ಕನಂಥವರು ಊರಿಗೊಬ್ಬರಾದರೂ ಇರುತ್ತಾರೆ. ಬೈಗುಳಕ್ಕೆ ಬಗ್ಗದವರು, ಬೆದರಿಕೆಗೆ ಜಗ್ಗದವರು, ಗಂಡಸರ ಗುಂಪಿನ ನಡುವೆ ಒಬ್ಬರೇ ನಿಂತು ಮನೆ ಯಾವುದೆಂದು ಕೇಳಬಲ್ಲವರು. ಇಂಥವರನ್ನು ಹೊಡೆದು ಸೋಲಿಸಲಾಗದೆಂಬುದು ಊರಿಗೆ ಗೊತ್ತು. ಅದಕ್ಕಾಗಿಯೇ ಊರು ಅವರಿಗೆ ಕೊಡಬೇಕಾದ್ದನ್ನು ಕೊಡದೆ, ವರ್ಷಗಟ್ಟಲೆ ಪಂಕ್ತಿಯಿಂದಾಚೆ ನಿಲ್ಲಿಸಿ, ಹಸಿವನ್ನು ಬೆಳೆಸಿಟ್ಟಿರುತ್ತದೆ. ತನಗೆ ಬೇಕಾದ ದಿನ ಒಂದು ಹಿಡಿ ಅಕ್ಕಿ ಹಾಕಿ ಮಗಳೇ ಎಂದು ಕರೆದರೆ ಸಾಕಾಗುತ್ತದೆ. ನಾಗಕ್ಕ ಈಗ ಪಾರ್ಕಿನಲ್ಲಿ ಮೆಲ್ಲಗೆ ನಡೆಯುವಾಗ ಎರಡೂ ಕೈಯಲ್ಲಿ ಸೆರಗಿನ ಚುಂಗು ಹಿಡಿದಿರುತ್ತಾಳೆ, ಅದರಲ್ಲಿ ಏನೂ ಇಲ್ಲದಿದ್ದರೂ. ಉಡಿ ತುಂಬಿದ ಹೆಂಗಸು ಓಡುವ ಹಾಗಿಲ್ಲ, ಚೆಲ್ಲುತ್ತದೆ. ಇನ್ನೊಬ್ಬಳನ್ನು ಹಿಡಿದೆತ್ತಲು ಅವಳಿಗೆ ಕೈಯೂ ಉಳಿದಿರುವುದಿಲ್ಲ.