ಅವರೆ ಹೊಲದ ಲೇತು

ಪೀಣ್ಯದ ಆ ತಗಡಿನ ಶೆಡ್ಡಿಗೆ ನಾನು ಹೋದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಬುದ್ಧಿ ಹೇಳಲು. ಹೋದ ಎರಡನೆಯ ನಿಮಿಷದಲ್ಲೇ ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದೆ. ಕಬ್ಬಿಣವನ್ನು ತಿರುಗಿಸಿ ಕಡೆಯುವ ಲೇತಿನಿಂದ ಆಗಷ್ಟೇ ಕಳಚಿ ಬಿದ್ದ ಉಕ್ಕಿನ ಸುರುಳಿಯೊಂದು ನವಿಲಿನ ಕತ್ತಿನ ನೀಲಿಯಲ್ಲಿ ಹೊಳೆಯುತ್ತಿದ್ದುದನ್ನು ಕಂಡು, ಸೌಂದರ್ಯೋಪಾಸಕನಂತೆ ಬಾಗಿ ಅದನ್ನು ಎತ್ತಿಕೊಂಡಿದ್ದೆ. ಉಷ್ಣದ ಅಧ್ಯಾಯವನ್ನು ಹತ್ತೊಂಬತ್ತು ವರ್ಷ ಬೋಧಿಸಿದ ಭೌತಶಾಸ್ತ್ರದ ಮೇಷ್ಟ್ರಿಗೆ ಉಷ್ಣದ ಪ್ರಥಮ ಸಾಕ್ಷಾತ್ಕಾರವಾದದ್ದು ಹೀಗೆ. ಸುತ್ತಲಿದ್ದ ಕೆಲಸಗಾರರು ಸಭ್ಯತೆಯಿಂದ ಬೇರೆ ಕಡೆ ನೋಡಿದರು. ಲೇತಿನ ಮುಂದಿದ್ದ ನನ್ನ ವಿದ್ಯಾರ್ಥಿನಿ ಈಶ್ವರಿ ತಲೆ ಎತ್ತಲೇ ಇಲ್ಲ. ಕಾಲಿನಿಂದ ನೀರಿನ ಬಕೆಟ್ಟನ್ನು ನನ್ನತ್ತ ನೂಕಿದಳು.

ತಲೆ ಎತ್ತದಿರುವುದು ಅವಳು ಅಲ್ಲಿ ಕಲಿತ ಮೊದಲ ವಿದ್ಯೆ. ಯಂತ್ರ ಕಬ್ಬಿಣ ಕಚ್ಚಿರುವಷ್ಟು ಹೊತ್ತೂ ಅವಳನ್ನು ಕೇಳಿದ ಪ್ರಶ್ನೆ ಗಾಳಿಯಲ್ಲಿ ನೇತಾಡುತ್ತಿರಬೇಕು. ಯಂತ್ರ ನಿಂತ ಮೇಲೆಯೇ ಉತ್ತರ. ಈ ರೋಗ ಮನೆಗೂ ಹಬ್ಬಿತ್ತಂತೆ: ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರೆ, ಕೈ ತೊಳೆದು ಬಂದ ಮೇಲೆ ಅಭಿಪ್ರಾಯ ಬರುತ್ತಿತ್ತು.

ಅದು ಎಂಬತ್ತೈದನೆಯ ಇಸವಿ. ನಮ್ಮ ಕಾಲೇಜಿನಲ್ಲಿ ಪಿಯುಸಿ ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಸಿಕ್ಕಿದ ಇಂಜಿನಿಯರಿಂಗ್ ಸೀಟನ್ನು ಬಿಟ್ಟುಕೊಟ್ಟು, ಒಂದು ವರ್ಷ ಕೆಲಸ ಕಲಿತು ಆಮೇಲೆ ಓದುತ್ತೇನೆಂದು ಅವಳು ಈ ಶೆಡ್ಡು ಸೇರಿದ್ದಳು. ಹೆಣ್ಣುಮಕ್ಕಳಿಗೆ ಓದು, ಇಲ್ಲವಾದರೆ ಮದುವೆ. ಇವೆರಡರ ನಡುವೆ ಒಂದು ವರ್ಷದ ಬಯಲು ಇರಬಹುದೆಂದು ಅವಳ ಮನೆಯಿದ್ದ ರಾಜಗೋಪಾಲನಗರದಲ್ಲಿ ಯಾರಿಗೂ ಹೊಳೆದಿರಲಿಲ್ಲ. ತಂದೆ ರಾಮಾಂಜಿನಪ್ಪನವರು ಷರತ್ತು ಹಾಕಿಯೇ ಒಪ್ಪಿದ್ದರು: ಮುಂದಿನ ವರ್ಷ ಸೀಟು ಸಿಕ್ಕದಿದ್ದರೆ ನೆಲಮಂಗಲದ ವರನಿಗೆ ಧಾರೆ ಎರೆದುಕೊಡುವುದು. ಒಪ್ಪಿದ ಮೇಲೂ ಜೀವ ತಡೆಯದೆ ನನ್ನನ್ನು ಅಟ್ಟಿದ್ದರು.

ಬೆರಳನ್ನು ಬಕೆಟ್ಟಿನಲ್ಲಿ ಅದ್ದಿಕೊಂಡು, ಕುಕ್ಕರಗಾಲಿನಲ್ಲಿ ಕುಳಿತೇ ನಾನು ಉಪನ್ಯಾಸ ಮಾಡಿದೆ. ಕರ್ಚೀಫು ಹಾಕಿ ಹಿಡಿದಿಟ್ಟುಕೊಳ್ಳಲು ಅದೇನು ಬಸ್ಸಿನ ಸೀಟಲ್ಲ, ಮತ್ತೆ ಪರೀಕ್ಷೆ ಬರೆಯಬೇಕು, ಮತ್ತೆ ಸಿಕ್ಕೀತೆಂಬ ಭರವಸೆಯಿಲ್ಲ ಎಂದೆಲ್ಲ ಹೇಳಿ ಎದ್ದು ನಿಂತೆ. ಯಂತ್ರ ನಿಂತಿತು.

"ಇದು ನಮ್ಮ ಹೊಲ ಸಾರ್. ಫ್ಯಾಕ್ಟರಿಗಳಿಗೆ ಹೋಗೋ ಮುಂಚೆ ನೀವು ನಿಂತಿರೋ ಕಡೆ ಅವರೆ ಹಾಕ್ತಿದ್ವಿ. ಈಗ ಇಲ್ಲಿ ಏನ್ ಬೆಳೀತಾರೆ ಅಂತ ತಿಳ್ಕೊಂಡು ಕಾಲೇಜಿಗೆ ಹೋಗ್ತೀನಿ."

ಅವರೆ ಸಾಲು ತುಳಿದವನಂತೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನನ್ನ ರಾಯಭಾರ ಅಲ್ಲಿಗೆ ಮುಗಿಯಿತು.

ಬುದ್ಧಿ ಹೇಳಲು ಹೋದವನು ಆಮೇಲೆ ಬರಿದೇ ನೋಡಲು ಹೋಗತೊಡಗಿದೆ. ಲಂಗದ ಮೇಲೆ ಅಪ್ಪನ ಹಳೆಯ ಅಂಗಿ, ಮೊಣಕೈಯವರೆಗೆ ಕತ್ತರಿಸಿದ ತೋಳು, ಎತ್ತಿ ಬಿಗಿದ ಜಡೆ. ಯಂತ್ರಗಳ ನಡುವಿನ ಇಕ್ಕಟ್ಟಿನಲ್ಲಿ ಅವಳು ಹೊಲದ ಬದುವಿನ ಮೇಲೆ ನಡೆಯುವವಳಂತೆ, ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟು ಓಡಾಡುತ್ತಿದ್ದಳು. ಶೆಡ್ಡಿನ ಯಜಮಾನ ನಲ್ಲಪ್ಪ ಮೊದಲ ಎರಡು ತಿಂಗಳು ಅವಳ ಕೈಗೆ ಒಂದು ಕಬ್ಬಿಣದ ತುಂಡು, ಅದನ್ನು ಉಜ್ಜಲು ಒಂದು ಅರ ಕೊಟ್ಟು, ಚೌಕ ಮಾಡು ಎಂದು ಕೂರಿಸಿದ್ದನಂತೆ. ಸಂಜೆ ಮೂಲೆ ನೇರವಿದೆಯೇ ಎಂದು ನೋಡುವ ಮೂಲೆಮಟ್ಟವಿಟ್ಟು ಬಾಗಿಲ ಬೆಳಕಿಗೆ ಹಿಡಿಯುವನು. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಮಾತಿಲ್ಲದೆ ತುಂಡು ವಾಪಸ್ಸು. ಬೆಳಕು ಕಾಣದ ದಿನ ಲೇತಿಗೆ ಬಡ್ತಿ ಸಿಕ್ಕಿತು.

ಲೇತಿನ ಮುಂದೆ ಬಳೆ ತೊಡುವಂತಿಲ್ಲ. ಅಜ್ಜಿ ಪಿಳ್ಳಮ್ಮನಿಗೆ ಇದು ತಿಳಿದ ದಿನ ಮನೆಯಲ್ಲಿ ಒಲೆ ಹತ್ತಲಿಲ್ಲ. ಮದುವೆಯಾಗಬೇಕಾದ ಹುಡುಗಿ ಬೋಳು ಕೈಯಲ್ಲಿರುವುದುಂಟೇ? ಡಜನ್ ಹಸಿರು ಬಳೆ ಹಿಡಿದು ಮುದುಕಿ ಶೆಡ್ಡಿಗೇ ನುಗ್ಗಿ, ಮೊಮ್ಮಗಳ ಕೈಗೆ ಏರಿಸಿದಳು. ಈಶ್ವರಿ ಕಡ್ಡಿಯ ತುದಿಗೆ ಒಂದು ಚಿಂದಿ ಸಿಕ್ಕಿಸಿ, ತಿರುಗುತ್ತಿದ್ದ ಸಲಾಕೆಯ ಹತ್ತಿರ ಒಯ್ದಳು. ಕಣ್ಣು ಮಿಟುಕಿಸುವುದರೊಳಗೆ ಚಿಂದಿ ಕಡ್ಡಿಯ ಸಮೇತ ಮಾಯವಾಯಿತು.

ಪಿಳ್ಳಮ್ಮ ತಾನೇ ತೊಡಿಸಿದ ಬಳೆಗಳನ್ನು ಒಂದೊಂದಾಗಿ ಇಳಿಸಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. "ಅಂಗಾದ್ರೆ ಇವು ನನ್ ತಾವೇ ಇರ್ಲಿ. ಕೈ ಇದ್ರೆ ಬಳೆ ಯಾವಾಗಾದ್ರೂ ಇಕ್ಕೋಬೋದು."

ಆಮೇಲೆ ಬಂದದ್ದು ಮತ್ತೊಮ್ಮೆ ಪ್ರವೇಶ ಪರೀಕ್ಷೆ. ಬೆಳಗಿನ ಹೊತ್ತು ನನ್ನ ಮನೆಗೆ ಬಂದು ಲೆಕ್ಕ ಮಾಡುತ್ತಿದ್ದಳು. ನನ್ನ ಪುಸ್ತಕದ ಹಾಳೆಗಳಲ್ಲಿ ಇಂದಿಗೂ ಅವಳ ಹೆಬ್ಬೆರಳಿನ ಎಣ್ಣೆ ಗುರುತಿದೆ. ಆದರೂ ರ‍್ಯಾಂಕು ಹಿಂದಿನ ವರ್ಷಕ್ಕಿಂತ ಕೆಳಗಿಳಿಯಿತು. ಸೀಟು ಹಂಚುವ ದಿನ ರಾಮಾಂಜಿನಪ್ಪನವರು ವರನ ಜಾತಕವನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು. ಸಂಜೆಯವರೆಗೆ ಬಾಗಿಲು ನೋಡುತ್ತ ನಿಂತೆವು. ಉಳಿದಿದ್ದ ಕೆಲವೇ ಮೆಕ್ಯಾನಿಕಲ್ ಸೀಟುಗಳಲ್ಲಿ ಒಂದು ಅವಳದಾಯಿತು. ರಾಮಾಂಜಿನಪ್ಪನವರು ಜಾತಕದ ಕಾಗದ ತೆಗೆದು, ಅದರಲ್ಲೇ ಎಲೆ ಅಡಿಕೆ ಸುತ್ತಿ ನನಗೆ ಕೊಟ್ಟರು.

ನಾವು ಮೇಷ್ಟರುಗಳು ಮಕ್ಕಳನ್ನು ಒಂದು ತರಗತಿಯಿಂದ ಇನ್ನೊಂದಕ್ಕೆ ಉಸಿರು ಬಿಡಲು ಬಿಡದೆ ಓಡಿಸುತ್ತೇವೆ. ನಿಂತವನು ಹಿಂದೆ ಬಿದ್ದನೆಂದು ಮರುಗುತ್ತೇವೆ. ಹೀಗೆ ದಾರಿಯಲ್ಲಿ ತಾವಾಗಿಯೇ ನಿಂತು, ಕಾಲ ಕೆಳಗಿನ ನೆಲ ಏನೆಂದು ನೋಡಿ ಹೊರಡುವ ಮಕ್ಕಳೂ ಉಂಟು. ಅವರು ತಡವಾಗಿ ಬರುತ್ತಾರೆ, ಆದರೆ ಬರುವಾಗ ಎರಡು ಕೈಗಳನ್ನೂ ಜೊತೆಗೆ ತರುತ್ತಾರೆ. ನನ್ನಂಥವರು ತಲೆಯೊಂದನ್ನೇ ಹೊತ್ತು ಬೇಗ ಬಂದುಬಿಟ್ಟೆವು.

ಕಾಲೇಜು ಶುರುವಾದ ತಿಂಗಳಿಗೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಕಾಲೇಜಿನ ವರ್ಕ್‌ಶಾಪ್ ಹೇಗಿದೆಯಮ್ಮ ಎಂದು ಕೇಳಿದೆ.

"ಪರವಾಗಿಲ್ಲ ಸಾರ್," ಎಂದಳು ಈಶ್ವರಿ. "ಮೇಷ್ಟ್ರು ಬೇಗ ಬೇಗ ಕಲೀತಾ ಇದಾರೆ."